ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೊ ವೈಟ್ ಸಾಕ್ಸ್ ಮೇಲೆ 2025ರಲ್ಲಿ ಭರವಸೆ ಇಡಬಹುದೇ?

ಈ ವರ್ಷವೇ ಗೆಲುವಿನ ಹಾದಿಗೆ ಬರುತ್ತಾರೆ ಎಂದು ನನಗೆ ಅನಿಸುವುದಿಲ್ಲ. ಆದರೆ ತಂಡವನ್ನು ಕೈಬಿಡುವ ಸಮಯವೂ ಇದಲ್ಲ.

2024ರಲ್ಲಿ ಅವರು 162 ಪಂದ್ಯಗಳಲ್ಲಿ 121ನ್ನು ಸೋತರು. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನ ಅತಿ ಹೆಚ್ಚು ಸೋಲು ಅದು. 1962ರ ನ್ಯೂಯಾರ್ಕ್ ಮೆಟ್ಸ್ ಕೂಡ 120ಕ್ಕೆ ನಿಂತಿತ್ತು. ನಡುವೆ ಸತತ 21 ಪಂದ್ಯಗಳನ್ನು ಸೋತದ್ದನ್ನು ನೋಡಿದವರ ಸಂಕಟ ನನಗೆ ಅರ್ಥವಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ತಂಡ ತನ್ನ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವ ಆಟಗಾರ) ಗ್ಯಾರೆಟ್ ಕ್ರೋಷೆಯನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ನಾಲ್ವರು ಯುವ ಆಟಗಾರರನ್ನು ಪಡೆಯಿತು. ಅಭಿಮಾನಿಗಳು ಸಿಟ್ಟಾದರು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ. ಸೋಲುತ್ತಲೇ ಇರುವ ತಂಡಕ್ಕೆ ಐದು ದಿನಕ್ಕೊಮ್ಮೆ ಆಡುವ ಒಬ್ಬ ಪಿಚರ್‌ಗಿಂತ ನಾಲ್ವರು ಯುವಕರು ಹೆಚ್ಚು ಉಪಯುಕ್ತ. ಬಂದವರಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಪಿಚರ್‌ನ ಎಸೆತ ಹಿಡಿಯುವವ) ಕೈಲ್ ಟೀಲ್ ಮೇಲೆ ನನಗೆ ಬಹಳ ನಂಬಿಕೆ. ಹೊಸ ಪಿಚರ್‌ಗಳನ್ನು ಬೆಳೆಸಲು ಒಳ್ಳೆಯ ಕ್ಯಾಚರ್ ಬೇಕೇ ಬೇಕು. ಆ ಪಿಚರ್‌ಗಳೂ ತಂಡದ ಕಿರಿಯರ ಸಾಲಿನಲ್ಲಿದ್ದಾರೆ: ಎಡಗೈ ಎಸೆತಗಾರರಾದ ನೋವಾ ಶುಲ್ಟ್ಸ್ ಮತ್ತು ಹೇಗನ್ ಸ್ಮಿತ್.

2025ರ ಋತುವಿಗೆ ವಿಲ್ ವೆನಬಲ್ ಹೊಸ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಋತುವಿಗೆ ಮುಂಚೆ ನಡೆಯುವ ವಸಂತ ಅಭ್ಯಾಸ ಶಿಬಿರದ ಪಂದ್ಯಗಳು ಅಂಕಪಟ್ಟಿಗೆ ಸೇರುವುದಿಲ್ಲ, ಆದ್ದರಿಂದ ಅಲ್ಲಿನ ಸೋಲು ಗೆಲುವುಗಳನ್ನು ಎಣಿಸಬೇಡಿ. ಕಿರಿಯರು ಚೆಂಡನ್ನು ಹೇಗೆ ಎದುರಿಸುತ್ತಾರೆ, 2024ರಲ್ಲಿ ತೀರಾ ಕಳಪೆಯಾಗಿದ್ದ ಫೀಲ್ಡಿಂಗ್ ಸುಧಾರಿಸಿದೆಯೇ ಎಂಬುದನ್ನು ಗಮನಿಸಿ. ನೂರು ಸೋಲಿನೊಳಗೆ ಋತು ಮುಗಿದರೆ ನಾನಂತೂ ಸಂತೋಷಪಡುತ್ತೇನೆ.