ಇಂಗುಬಾವಿಯಲ್ಲಿ ನೀರು ನಿಂತರೆ ಮೊದಲು ತಳ ನೋಡಿ

ನಿಮ್ಮ ಇಂಗುಬಾವಿಯ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿಯ, ತಳದಲ್ಲಿ ಹೂಳು ಕಟ್ಟಿರಬೇಕು. ಮೊದಲೆರಡು ಮಳೆಗಾಲ ನೀರು ಚೆನ್ನಾಗಿ ಇಂಗಿ, ಈ ಸಲ ನಾಲ್ಕು ದಿನವಾದರೂ ಇಳಿದಿಲ್ಲ ಅಂದಿದ್ದೀರಿ. ಹಾಗಾದರೆ ಮಣ್ಣಿನ ಗುಣ ಕಾರಣ ಅಲ್ಲ.

ಮೊದಲು ಪಂಪ್ ಹಾಕಿ ನೀರು ಖಾಲಿ ಮಾಡಿಸಿ. ತಳದಲ್ಲಿ ಕೈಗೆ ಅಂಟುವ ನುಣುಪು ಕೆಸರು ಕಾಣುತ್ತೆ. ಎರಡು ಬೆರಳು ದಪ್ಪ ಇದ್ದರೂ ಸಾಕು, ನೀರು ತಡೆಯುತ್ತೆ. ಹಳೆ ಮಣ್ಣು ಕಾಣುವವರೆಗೂ ಕೆರೆದು ತೆಗೆಸಿ. ಜಲ್ಲಿ ಹಾಕಿದ್ದರೆ ಮೇಲೆತ್ತಿ ತೊಳೆಸಿ. ನೀವೇ ಇಳಿಯಬೇಡಿ, ಒಳಗೆ ಗಾಳಿ ಕಡಿಮೆ ಇರುತ್ತೆ. ಬಾವಿ ತೋಡುವವರನ್ನೇ ಕರೆಸಿ.

ಆಮೇಲೆ ಹೂಳು ಎಲ್ಲಿಂದ ಬರುತ್ತಿದೆ ನೋಡಿ. ಚಾವಣಿ ನೀರಿಗೆ ಫಿಲ್ಟರ್ ಇದ್ದರೂ ಅಂಗಳದ ನೀರು ನೇರ ಒಳಗೆ ಹೋಗುತ್ತಿರಬಹುದು. ಬಹಳ ಮನೆಗಳಲ್ಲಿ ಇದೇ ಕಥೆ. ಬಾವಿಗೆ ಮುಂಚೆ, ನೀರಿನ ಮಣ್ಣು ತಂಗಲು ಎರಡಡಿಯ ಹೂಳುಗುಂಡಿ ಕಟ್ಟಿಸಿ, ಆಗಾಗ ಅದರ ಹೂಳು ತೆಗೆಯಿರಿ. ವರ್ಷದ ಮೊದಲ ಮಳೆಯ ನೀರು ಹೊರಗೆ ಹೋಗಲಿ. ಕಾರು ತೊಳೆದ ನೀರಂತೂ ಬೇಡವೇ ಬೇಡ.

ಇಷ್ಟಾದ ಮೇಲೂ ನಿಂತರೆ, ಅಂತರ್ಜಲವೇ ಮೇಲೆ ಬಂದಿರಬಹುದು. ನೋಡದೆ ಖಚಿತವಾಗಿ ಹೇಳೋದು ಕಷ್ಟ. ಪಕ್ಕದಲ್ಲಿ ತೆರೆದ ಬಾವಿ ಇದ್ದರೆ ಮಟ್ಟ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಬಾವಿ ಕೆಟ್ಟಿಲ್ಲ, ಸುಮ್ನೆ ಆಳ ಮಾಡಿಸಬೇಡಿ.