ಕೌಂಟರಿನ ಈಚೆಯಿಂದ: ಅದೃಷ್ಟಕ್ಕೆ ನಿಮ್ಮ ಅಡ್ರೆಸ್ ಗೊತ್ತಿದೆಯಾ?

ಕಳೆದ ಸಂಚಿಕೆಯಲ್ಲಿ, ‘ನನಗೆ ಬಾಡಿಗೆ ಮನೆ ಸಿಕ್ಕಿದ್ದು ಒಂದು ಮನಿ ಆರ್ಡರ್ ಫಾರಂನಿಂದ’ ಅಂತ ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಅದೇ ತಪ್ಪಾಯಿತು. ಈ ಸಲ ಬಂದ ಪತ್ರಗಳಲ್ಲಿ ಅರ್ಧ ಅದರ ಬಗ್ಗೆಯೇ. ಅಂಚೆ ಕಚೇರಿಯಲ್ಲಿ 38 ವರ್ಷ ಕೂತವಳಿಗೆ ಪತ್ರ ಜಾಸ್ತಿ ಬಂದರೆ ಬೇಜಾರೇನಿಲ್ಲ. ಐದನ್ನು ಆರಿಸಿಕೊಂಡಿದ್ದೇನೆ.

ನನಗೆ 26. ಹಾಸನದವನು, ಬೆಂಗಳೂರಿನ ಪಿ.ಜಿ.ಯಲ್ಲಿದ್ದೇನೆ. ಎರಡು ವರ್ಷದಿಂದ ಕೆಲಸ ಬದಲಾಯಿಸಲು ಒದ್ದಾಡುತ್ತಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ (ಕೆಲಸದ ಪರಿಚಯಗಳ ಜಾಲತಾಣ) 800 ಜನ ಇದ್ದಾರೆ, ಒಬ್ಬರೂ ಉತ್ತರ ಕೊಡಲ್ಲ. ನನ್ನ ರೂಮ್‌ಮೇಟ್ ಟೀ ಅಂಗಡಿ ಮುಂದೆ ಯಾರ ಜೊತೆಗೋ ಕ್ರಿಕೆಟ್ ಮಾತಾಡಿ ಕೆಲಸ ಗಿಟ್ಟಿಸಿಕೊಂಡ. ಇದು ಹಣೆಬರಹ ಅಲ್ವಾ ಮೇಡಂ? ಇನ್ನೊಂದು, ಕೆಲಸಕ್ಕೋಸ್ಕರ ಜನರನ್ನು ಮಾತಾಡಿಸುವುದು ಸ್ವಾರ್ಥ ಅನ್ನಿಸುತ್ತೆ. — ಹೆಸರು ಬೇಡ, ಬೆಂಗಳೂರು

ನೋಡಪ್ಪ, ನನ್ನ ಮಗನಿಗಿಂತ ನೀನು ತುಂಬ ಚಿಕ್ಕವನು, ಅದಕ್ಕೇ ‘ನೀನು’ ಅಂತಲೇ ಬರೆಯುತ್ತೇನೆ. ಮೊದಲು ಆ ಮನೆಯ ಕಥೆ ಹೇಳಿಬಿಡುತ್ತೇನೆ.

1987. ನನಗೆ ಶಿವಮೊಗ್ಗಕ್ಕೆ ವರ್ಗ ಆಯಿತು. ಯಜಮಾನರ ಕೆಲಸ ಚಿತ್ರದುರ್ಗದಲ್ಲಿ. ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ನಾನೊಬ್ಬಳೇ ಮನೆ ಹುಡುಕಬೇಕಿತ್ತು. ಹೋದಲ್ಲೆಲ್ಲ ಎರಡೇ ಪ್ರಶ್ನೆ. ‘ನೀವು ಯಾವ ಜನ?’ ‘ಯಜಮಾನರು ಎಲ್ಲಿ?’ ಎರಡಕ್ಕೂ ಉತ್ತರ ಕೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ದೂರದ ನೆಂಟರ ನಡುಮನೆಯಲ್ಲಿ ಮೂರು ವಾರ ಮಲಗಿದೆವು. ದಿನಾ ಬೆಳಿಗ್ಗೆ ಅವರು ಏಳುವ ಮುಂಚೆ ಹಾಸಿಗೆ ಸುತ್ತಿಡಬೇಕು.

ತಿಂಗಳ ಮೊದಲ ವಾರ. ಮನಿ ಆರ್ಡರ್ ಕೌಂಟರಿನ ಮುಂದೆ ಉದ್ದ ಸಾಲು. ಒಬ್ಬ ಅಜ್ಜ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದ ತಂಗಿಗೆ 150 ರೂಪಾಯಿ ಕಳಿಸಲು ಬಂದಿದ್ದರು. ಆ ಫಾರಂ ನೀನು ನೋಡಿರಲಿಕ್ಕಿಲ್ಲ. ಕೆಳಗೆ ನಾಲ್ಕು ಸಾಲು ಸಮಾಚಾರ ಬರೆಯಲು ಜಾಗ ಇರುತ್ತಿತ್ತು. ಹಣ ಕೊಡುವಾಗ ಪೋಸ್ಟ್‌ಮ್ಯಾನ್ ಆ ಚೂರನ್ನು ಹರಿದು ಅವರಿಗೇ ಕೊಡುತ್ತಿದ್ದ. ಅಜ್ಜನ ಫಾರಂನಲ್ಲಿ ಆ ಜಾಗ ಖಾಲಿ.

‘ಏನಾದ್ರೂ ಬರೀಲಾ ಅಜ್ಜಾ? ಇದಕ್ಕೆ ಬೇರೆ ದುಡ್ಡಿಲ್ಲ’ ಅಂದೆ.

ಅಜ್ಜ ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ, ‘ಹಲಸಿನ ಹಪ್ಪಳ ಬಂತು, ಎರಡು ಮುರಿದಿತ್ತು ಅಂತ ಬರಿ ತಾಯಿ’ ಅಂದರು.

ನನಗೆ ನಗು ಬಂತು. ಅವರಿಗೂ ಬಂತು. ಹಿಂದೆ ನಿಂತವರು ಗೊಣಗುತ್ತಿದ್ದರು. ಚಿಲ್ಲರೆ ಎಣಿಸಿಕೊಳ್ಳುತ್ತ ಅಜ್ಜ ಕೇಳಿದರು: ‘ಹೊಸಬ್ರಾ? ಮನೆ ಎಲ್ಲಿ ಮಾಡಿದೀರಿ?’

ಈಗ ನಾನು ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ. ಅಲ್ಲಿಯವರೆಗೆ ಯಾರು ಕೇಳಿದರೂ ನಾನು ‘ಇಲ್ಲೇ ಹತ್ತಿರ’ ಅನ್ನುತ್ತಿದ್ದೆ. ಸರ್ಕಾರಿ ಕೆಲಸದವಳಿಗೆ ಮನೆ ಸಿಕ್ಕಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. ಮೂರು ವಾರದಲ್ಲಿ ಆ ಕೌಂಟರಿನ ಮುಂದೆ ಊರಿಗೆ ಊರೇ ಬಂದು ಹೋಗಿತ್ತು, ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ನಗುವಿನ ಗುಂಗಿನಲ್ಲಿ ನಿಜ ಹೇಳಿಬಿಟ್ಟೆ. ‘ಮನೆ ಎಲ್ಲಿ ಅಜ್ಜಾ, ಹುಡುಕ್ತಾನೇ ಇದೀನಿ.’

‘ಸೋಮವಾರ ನಮ್ಮ ಪಕ್ಕದ ಮನೆ ಔಟ್‌ಹೌಸ್ ಖಾಲಿ ಆಗುತ್ತೆ. ಸಂಜೆ ಬಂದು ನೋಡಿ. ಆ ಅಮ್ಮ ಒಳ್ಳೇವರು, ಏನೇನೋ ಕೇಳಲ್ಲ’ ಅಂದರು.

ದುರ್ಗಿಗುಡಿಯ ಆ ಔಟ್‌ಹೌಸಿನಲ್ಲಿ 11 ವರ್ಷ ಇದ್ದೆ. ಮನೆಯಮ್ಮ ಕನ್ನಡದ ವಾರಪತ್ರಿಕೆ ಒಂದನ್ನೂ ಬಿಡದೆ ತರಿಸುತ್ತಿದ್ದರು. ಓದಿ ಮುಗಿಸಿ ನನಗೆ ಕೊಡುವರು. ಅವರ ಅಡುಗೆಮನೆಯ ಮಣೆ ಮೇಲೆ ಕೂತು ಸಂಪಾದಕರಿಗೆ ಪತ್ರ ಬರೆಯಲು ಶುರು ಮಾಡಿದವಳು ಇವತ್ತು ಈ ಪುಟದಲ್ಲಿ ನಿನಗೆ ಉತ್ತರ ಬರೆಯುತ್ತಿದ್ದೇನೆ. ಅಜ್ಜ ಮುಂದಿನ ತಿಂಗಳು ಬಂದವರೇ, ‘ತಂಗಿಗೆ ಸಿಟ್ಟು ಬಂದಿದೆ. ಒಂದೂ ಮುರೀದ ಹಾಗೆ ಕಟ್ಟಿದ್ದೆ ಅಂತಾಳೆ’ ಅಂದರು. ಆಮೇಲೆ ಪ್ರತಿ ತಿಂಗಳೂ ಆ ನಾಲ್ಕು ಸಾಲು ನನ್ನ ಕೈಬರಹವೇ.

ಸಮಾಜಶಾಸ್ತ್ರದ ಪಾಠ ಮಾಡುವ ನನ್ನ ಸೊಸೆಗೆ ಈ ಕಥೆ ಹೇಳಿದಾಗ ಅವಳು, ‘ಇದಕ್ಕೊಂದು ಹೆಸರೇ ಇದೆ ಅತ್ತೆ, ತೆಳು ನಂಟಿನ ಬಲ ಅಂತ’ ಅಂದಳು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅನ್ನುವವರು ಬೋಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದವರನ್ನು ಹಿಡಿದು ಕೇಳಿದರಂತೆ: ಕೆಲಸದ ಸುದ್ದಿ ಯಾರಿಂದ ಬಂತು? ಪರಿಚಯದವರಿಂದ ಬಂತು ಅಂದವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ ಮಾತ್ರ ಅದು ಪದೇ ಪದೇ ಭೇಟಿಯಾಗುವವರಿಂದ ಬಂದಿತ್ತು. ಉಳಿದ 83 ಜನರಿಗೆ ಯಾವಾಗಲೋ ಒಮ್ಮೆ ಸಿಗುವವರಿಂದ, ಅಪರೂಪಕ್ಕೆ ಸಿಗುವವರಿಂದ. ಕೇಳಿದ್ದು ಕೆಲವೇ ಜನರನ್ನು. ಆದರೆ 1973ರಲ್ಲಿ ಅವರು ಬರೆದ ಆ ಲೇಖನವನ್ನು ಇವತ್ತಿಗೂ ಪಾಠ ಮಾಡುತ್ತಾರೆ. ಕಾರಣ ಸರಳ. ನಿನ್ನ ಆಪ್ತ ಗೆಳೆಯನಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಸುದ್ದಿ ಬರಬೇಕಾದರೆ ಅದು ಅರೆಪರಿಚಯದವರ ಕಡೆಯಿಂದಲೇ ಬರಬೇಕು. ನನ್ನ ನೆಂಟರೂ ಮನೆ ಹುಡುಕಿದ್ದರು ಪಾಪ. ಆದರೆ ಅವರಿಗೆ ಗೊತ್ತಿದ್ದ ಬೀದಿಗಳನ್ನೆಲ್ಲ ನಾನೂ ಸುತ್ತಿಯಾಗಿತ್ತು.

ನಿನ್ನ 800 ಜನರ ವಿಷಯಕ್ಕೂ ಸೊಸೆಯ ಹತ್ತಿರ ಉತ್ತರ ಇತ್ತು. ಲಿಂಕ್ಡ್‌ಇನ್‌ನಲ್ಲೇ 2 ಕೋಟಿ ಜನರ ಮೇಲೆ ಐದು ವರ್ಷ ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದ್ದಾರೆ. ಆಪ್ತರಿಗಿಂತ ಅರೆಪರಿಚಯದವರಿಂದ ಹೆಚ್ಚು ಉಪಯೋಗ, ಆದರೆ ಪರಿಚಯ ತೀರಾ ತೆಳುವಾದರೆ ಆ ಉಪಯೋಗವೂ ತೆಳುವಾಗುತ್ತದೆ ಅಂತ ಗೊತ್ತಾಯಿತಂತೆ. ನಿನ್ನ 800ರಲ್ಲಿ ಎಷ್ಟು ಜನಕ್ಕೆ ನಿನ್ನ ಊರು ಯಾವುದು ಅಂತ ಗೊತ್ತು? ಎಷ್ಟು ಜನರ ಊರು ನಿನಗೆ ಗೊತ್ತು?

ಇನ್ನು ಸ್ವಾರ್ಥದ ಮಾತು. ವಶೀಲಿ ಬೇರೆ, ಪರಿಚಯ ಬೇರೆ. ವಶೀಲಿಯಲ್ಲಿ ನಿನಗೆ ಏನು ಬೇಕು ಅಂತ ಮೊದಲೇ ಗೊತ್ತಿರುತ್ತೆ, ಅದನ್ನು ಕೊಡುವ ಕೈ ಹುಡುಕಿಕೊಂಡು ಹೋಗುತ್ತೀಯ. ಆ ಅಜ್ಜನ ಹಪ್ಪಳದ ಸುದ್ದಿ ಬರೆಯುವಾಗ ಅವರ ಪಕ್ಕದ ಮನೆ ಖಾಲಿ ಆಗುವುದು ನನಗೆ ಕನಸಲ್ಲೂ ಗೊತ್ತಿರಲಿಲ್ಲ. ನಿನ್ನ ರೂಮ್‌ಮೇಟ್‌ಗೂ ಕ್ರಿಕೆಟ್ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಗೊತ್ತಿರಲಿಕ್ಕಿಲ್ಲ. ಕೆಲಸ ಹುಡುಕುತ್ತಿದ್ದೇನೆ ಅಂತ ಅವನು ಬಾಯಿಬಿಟ್ಟು ಹೇಳಿದ್ದ, ಅಷ್ಟೇ. ನೀನು ಹೇಳಿದ್ದೀಯಾ? ಪಿ.ಜಿ.ಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಒಂದು ಮಾತು ಮುಚ್ಚಿಡುವುದಿಲ್ಲ. ಎಲ್ಲರ ಪರಿಚಯದ ತೂಕ ಒಂದೇ ಅಲ್ಲ. ಯಾರ ಚಿಕ್ಕಪ್ಪ ಆಫೀಸರೋ, ಯಾರ ಮನೆಗೆ ಪ್ರೊಫೆಸರು ಕಾಫಿಗೆ ಬರುತ್ತಾರೋ ಅವರಿಗೆ ಅದೃಷ್ಟ ತೊಟ್ಟಿಲಿನಿಂದಲೇ ಶುರು. ನಿನಗೆ ಅದಿಲ್ಲ ಅಂದರೆ ನೀನು ಅವರಿಗಿಂತ ನಾಲ್ಕು ಬಾಗಿಲು ಜಾಸ್ತಿ ತಟ್ಟಬೇಕಾಗುತ್ತೆ. ಅದು ನ್ಯಾಯ ಅಂತ ನಾನು ಹೇಳುತ್ತಿಲ್ಲ.

ತಟ್ಟುವುದು ಅಂದಾಗ ಸಿ.ವಿ. ರಾಮನ್ ನೆನಪಾಗುತ್ತಾರೆ. 1907ರಲ್ಲಿ ಅವರು ಕಲ್ಕತ್ತೆಗೆ ಹೋದದ್ದು ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ. ವಯಸ್ಸು 20 ಕೂಡ ಆಗಿರಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ವಿಜ್ಞಾನ ಸಂಘವೊಂದರ ಬೋರ್ಡು ಕಣ್ಣಿಗೆ ಬಿತ್ತು. ಇಳಿದರು. ಬಾಗಿಲು ತಟ್ಟಿದರು. ತೆಗೆದವರು ಅಶುತೋಷ್ ಡೇ ಅನ್ನುವ ಅಲ್ಲಿನ ಸಹಾಯಕ. ಅವರು ಕಾರ್ಯದರ್ಶಿಯ ಹತ್ತಿರ ಕರೆದುಕೊಂಡು ಹೋದರು. ಬಳಸುವವರಿಲ್ಲದೆ ಬಿದ್ದಿದ್ದ ಪ್ರಯೋಗಶಾಲೆ ರಾಮನ್‌ಗೆ ಸಿಕ್ಕಿತು. ಆಫೀಸಿನ ಮುಂಚೆ, ಆಫೀಸಿನ ನಂತರ ಅಲ್ಲೇ ಕೆಲಸ. 1928ರ ರಾಮನ್ ಪರಿಣಾಮ ಕಂಡಿದ್ದೂ ಅಲ್ಲೇ. ನೊಬೆಲ್ ಬಂದು, 1933ರಲ್ಲಿ ನಮ್ಮ ಬೆಂಗಳೂರಿಗೆ ಅವರು ಬಂದದ್ದು ಆಮೇಲಿನ ಮಾತು. ಬಾಗಿಲು ತೆಗೆದ ಆ ಅಶು ಬಾಬು ವರ್ಷಾನುಗಟ್ಟಲೆ ಅವರ ಪ್ರಯೋಗಗಳಿಗೆ ಬಲಗೈಯಾಗಿದ್ದರು. ನನಗೆ ಈ ಕಥೆಯಲ್ಲಿ ರಾಮನ್‌ಗಿಂತ ಅವರೇ ಜಾಸ್ತಿ ಇಷ್ಟ. ಅಪರಿಚಿತ ಹುಡುಗನಿಗೆ ‘ಸಾಹೇಬರಿಲ್ಲ, ನಾಳೆ ಬಾ’ ಅನ್ನಲಿಲ್ಲವಲ್ಲ.

ನೀನೂ ಯಾರಿಗಾದರೂ ಅಶು ಬಾಬು ಆಗಬಹುದು. ನಿನ್ನ ಕಂಪನಿಯಲ್ಲಿ ಜಾಗ ಖಾಲಿ ಇದ್ದಾಗ ಯಾರಿಗೆ ಹೇಳಿದೆ? ಮುಂದಿನ ಪತ್ರದಲ್ಲಿ ಬರಿ.

ಮಗನ ಜೊತೆ ಇರಲು ಪುಣೆಗೆ ಬಂದು ಐದು ತಿಂಗಳಾಯಿತು. ಹದಿನಾಲ್ಕನೇ ಮಹಡಿ. ಮರಾಠಿ ಬರುವುದಿಲ್ಲ. ಮಗ ಸೊಸೆ ಬರುವುದು ರಾತ್ರಿ. ಯಾರ ಜೊತೆ ಮಾತಾಡಲಿ? — ಓದುಗಿ, 61 ವರ್ಷ

ಲಿಫ್ಟ್ ಹಿಡಿದು ಕೆಳಗೆ ಇಳಿಯಿರಿ ಅಕ್ಕಾ. ತರಕಾರಿ ಗಾಡಿಯವರ ಹತ್ತಿರ ಕೊತ್ತಂಬರಿಗೆ ಕೈ ತೋರಿಸಿ ಜೋರಾಗಿ ಕನ್ನಡದಲ್ಲೇ ‘ಕೊತ್ತಂಬರಿ’ ಅನ್ನಿ. ಅವರು ‘ಕೋಥಿಂಬೀರ್’ ಅಂತ ತಿದ್ದುತ್ತಾರೆ. ನಾಳೆ ಕರಿಬೇವಿಗೆ ‘ಕಡೀಪತ್ತಾ’ ಕಲಿಯಿರಿ. ಎರಡು ವಾರಕ್ಕೆ ಒಂದು ಕೈಚೀಲದಷ್ಟು ಮರಾಠಿ ಆಗುತ್ತೆ. ಇನ್ನೊಂದು ಸಂಗತಿ. ಪುಣೆಯಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ದುಡಿಯಲು ಹೋದವರು ಬಹಳ ಇದ್ದಾರೆ. ನಿಮ್ಮ ‘ಕೊತ್ತಂಬರಿ’ ಕೇಳಿ ಯಾರಾದರೂ ತಿರುಗಿ ‘ಯಾವೂರ್ ಆತ್ರೀ ಅಮ್ಮಾರ?’ ಅಂದರೆ ಆಶ್ಚರ್ಯಪಡಬೇಡಿ. ಆದರೆ ಕನ್ನಡದವರು ಸಿಕ್ಕರು ಅಂತ ಮರಾಠಿ ಬಿಡಬೇಡಿ.

ಸಿಕ್ಕವರನ್ನೆಲ್ಲ ಮಾತಾಡಿಸಿ ಅನ್ನುವುದು ಗಂಡಸರಿಗೆ ಸುಲಭ. ನಾವು ಬಸ್ಸಿನಲ್ಲಿ ಪಕ್ಕದವರಿಗೆ ನಕ್ಕರೂ ಮನೆ ತನಕ ಹಿಂಬಾಲಿಸಿ ಬರುತ್ತಾರೆ. ಏನು ಹೇಳುತ್ತೀರಿ? — ಕಾಲೇಜು ವಿದ್ಯಾರ್ಥಿನಿ, ತುಮಕೂರು

ನೀನು ಹೇಳುವುದು ಸರಿ. ನನ್ನ ಮುಂದೆ ಕಬ್ಬಿಣದ ಜಾಲರಿ ಇತ್ತು, ಅದಕ್ಕೇ ನನಗೆ ಧೈರ್ಯ. ಆಗಲೂ ಒಬ್ಬ ದಿನಕ್ಕೆ ಮೂರು ಸಲ ಬಂದು ಒಂದೊಂದೇ ಕಾರ್ಡು ಕೊಳ್ಳುತ್ತಿದ್ದ. ಪಕ್ಕದ ಕೌಂಟರಿನ ಹಿರಿಯರೊಬ್ಬರು ಅವನಿಗೆ ಒಟ್ಟಿಗೇ ಐವತ್ತು ಕಾರ್ಡು ಎಣಿಸಿ ಕೊಟ್ಟು ‘ಇನ್ನು ಎರಡು ತಿಂಗಳು ಬರೋದು ಬೇಡ’ ಅಂದರು. ಬರಲಿಲ್ಲ.

ಬಸ್ಸಿನಲ್ಲಿ ನಗಬೇಡ. ಎಲ್ಲರೂ ಒಂದೇ ಕೆಲಸಕ್ಕೆ ಸೇರುವ ಜಾಗ ಹುಡುಕು. ಲೈಬ್ರರಿ, ಎನ್‌ಎಸ್‌ಎಸ್ ಶಿಬಿರ, ಸಂಗೀತದ ಪಾಠ. ಅಲ್ಲಿ ಮಾತಿಗೆ ಒಂದು ವಿಷಯ ತಾನಾಗೇ ಇರುತ್ತೆ, ಸುತ್ತ ನಾಲ್ಕು ಜನರೂ ಇರುತ್ತಾರೆ. ಹೊಟ್ಟೆಯೊಳಗೆ ಕಸಿವಿಸಿ ಆದರೆ ಎದ್ದು ಬಾ. ಅದಕ್ಕೆ ಕಾರಣ ಯಾರಿಗೂ ಹೇಳಬೇಕಾಗಿಲ್ಲ.

ಹಸಿರು ಪಚ್ಚೆ ಉಂಗುರ ಹಾಕಿದರೆ ಅದೃಷ್ಟ ಬರುತ್ತಾ? 18 ಸಾವಿರ ಹೇಳುತ್ತಿದ್ದಾರೆ. — ಓದುಗ, ಗದಗ

ಅಂಗಡಿಯವರಿಗೆ ಬರುತ್ತೆ.

ಕೊಂಡೇ ಕೊಳ್ಳುವುದಿದ್ದರೆ ಮೊದಲು ಇದನ್ನು ಓದಿ. ಇಂಗ್ಲೆಂಡಿನ ರಿಚರ್ಡ್ ವೈಸ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ‘ನಾನು ಅದೃಷ್ಟವಂತ’ ಅನ್ನುವವರಿಗೂ ‘ನಾನು ನತದೃಷ್ಟ’ ಅನ್ನುವವರಿಗೂ ಒಂದು ಪೇಪರ್ ಕೊಟ್ಟು, ಅದರಲ್ಲಿರುವ ಫೋಟೋ ಎಣಿಸಿ ಅಂದರು. ಎರಡನೇ ಪುಟದಲ್ಲೇ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು: ‘ಎಣಿಸುವುದು ನಿಲ್ಲಿಸಿ, ಇದರಲ್ಲಿ 43 ಫೋಟೋಗಳಿವೆ.’ ಅದೃಷ್ಟವಂತರಿಗೆ ಅದು ಕಂಡಿತು. ಇನ್ನೊಂದು ಗುಂಪಿನ ಬಹಳ ಜನ ತಲೆ ಬಗ್ಗಿಸಿ ಎಣಿಸುತ್ತಲೇ ಹೋದರು. ಉಂಗುರದ ವಿಷಯ ಎಲ್ಲೂ ಬರುವುದಿಲ್ಲ.

ನಿಮ್ಮ ಕೈತಪ್ಪಿದ ಅದೃಷ್ಟ ಯಾವುದೂ ಇಲ್ಲವೇ? — ನಿವೃತ್ತ ಶಿಕ್ಷಕರು, ಕುಂದಾಪುರ

ಇದೆ ಮೇಷ್ಟ್ರೇ. ನನಗೆ ಚಿಕ್ಕಂದಿನಿಂದ ವೀಣೆ ಕಲಿಯುವ ಆಸೆ. ಅಪ್ಪನಿಗೆ ಕೊಡಿಸಲು ಆಗಲಿಲ್ಲ. ಆಮೇಲೆ ಕೆಲಸ, ಮಕ್ಕಳು. ಯಾರಿಗೂ ಹೇಳಲಿಲ್ಲ, ಯಜಮಾನರಿಗೂ. ಈ ವಯಸ್ಸಿನಲ್ಲಿ ಏನು ಅಂತ ನಕ್ಕುಬಿಡುತ್ತಾರೆ ಅಂತ ಭಯ.

ನನ್ನ ಕೊನೆಯ 14 ವರ್ಷ, ಜನರ ತಿಂಗಳ ಉಳಿತಾಯ ಸಂಗ್ರಹಿಸಿ ಅಂಚೆ ಕಚೇರಿಗೆ ಕಟ್ಟುವ ಒಬ್ಬ ಮಹಿಳಾ ಆರ್‌.ಡಿ. ಏಜೆಂಟ್ ತಿಂಗಳಿಗೆ ಎರಡು ಸಲ ನನ್ನ ಕೌಂಟರಿಗೆ ಬರುತ್ತಿದ್ದರು. ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಬುಕ್ ಕಟ್ಟು, ಉದ್ದ ಪಟ್ಟಿ, ಬಿಡಿಸಿ ಜೋಡಿಸಿದ ನೋಟು. ಅವರ ಮಂಡಿನೋವು, ಮಗಳ ಮದುವೆ ಎಲ್ಲ ನನಗೆ ಗೊತ್ತಿತ್ತು. ಅವರ ಎಡಗೈ ಬೆರಳ ತುದಿಯಲ್ಲಿ ಗೀರುಗಳಿದ್ದವು. ನೋಟು ಎಣಿಸೀ ಎಣಿಸೀ ಅಂದುಕೊಂಡಿದ್ದೆ.

2017ರಲ್ಲಿ ನನ್ನ ಬೀಳ್ಕೊಡುಗೆ. ಮೈಕು ಕೊಟ್ಟು ‘ಮುಂದೇನು ಮೇಡಂ?’ ಅಂದರು. ಬಾಯಿ ಜಾರಿ ‘ವೀಣೆ ಕಲೀಬೇಕು’ ಅಂದೆ. ಹಿಂದಿನ ಸಾಲಿನಿಂದ ಆಕೆ ಎದ್ದು ನಿಂತರು. ‘ಅಯ್ಯೋ ಮೇಡಂ, ಇಪ್ಪತ್ತು ವರ್ಷದಿಂದ ಮನೇಲಿ ವೀಣೆ ಪಾಠ ಮಾಡ್ತಿದೀನಲ್ರೀ!’

ನಾನು ಜನರನ್ನು ಮಾತಾಡಿಸುವವಳು ಅಂತ ಆಫೀಸಿಗೆಲ್ಲ ಹೆಸರು. 14 ವರ್ಷ ಆಕೆಯ ಸುದ್ದಿಯನ್ನೆಲ್ಲ ಕೇಳಿದ್ದೆ, ನನ್ನದೊಂದನ್ನೂ ಹೇಳಿರಲಿಲ್ಲ. ಮನೆ ಹುಡುಕಿದ ದಿನಗಳಿಂದ ಏನೂ ಕಲಿತಿರಲಿಲ್ಲ ಅನ್ನಿ.

ಈಗ ಮಂಗಳವಾರ, ಶುಕ್ರವಾರ ಅವರ ಮನೆಗೇ ಹೋಗುತ್ತೇನೆ. ನನ್ನ ಎಡಗೈ ಬೆರಳಿಗೂ ಗೀರು ಬಂದಿವೆ. ವರ್ಷಗಳಾದರೂ ಕೈ ಮಾತ್ರ ನಿಧಾನ. ಆರಂಭದ ಪಾಠವಾದ ಜಂಟಿ ವರಸೆಯಲ್ಲೇ ಇದ್ದೇನೆ. ಕೀರ್ತನೆ ಹೇಳಿಕೊಡಿ ಅಂದರೆ, ‘ಮೊದಲು ಜಂಟಿ ವರಸೆ ಮೂರನೇ ಕಾಲದ ವೇಗದಲ್ಲಿ ಬರಲಿ, ಆಮೇಲೆ ನೋಡೋಣ’ ಅಂತಾರೆ. ನಾಳೆ ಶುಕ್ರವಾರ. ಇನ್ನೂ ಬಂದಿಲ್ಲ.