ಇನ್‌ಕಾಜಿಟೇಟಿವ್ ಅಂತ ಯಾರನ್ನು ಕರೆಯಬಹುದು?

ಪ್ರಶ್ನೆ: ಸರ್, ಮಗಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ‘ಇನ್‌ಕಾಜಿಟೇಟಿವ್’ ಎಂಬ ಪದ ಸಿಕ್ಕಿತು. ಯೋಚನೆ ಇಲ್ಲದ್ದು ಅಂತ ಅರ್ಥವಂತೆ. ಹಾಗಾದರೆ ಹಿಂದೆಮುಂದೆ ನೋಡದೆ ಬಾಯಿಗೆ ಬಂದದ್ದು ಹೇಳುವವರನ್ನು ಹೀಗೆ ಕರೆಯಬಹುದಾ? ಪದದ ಮೂಲ ಯಾವುದು?
– ಓದುಗರೊಬ್ಬರು, ಕುಂಬಳೆ, ಕಾಸರಗೋಡು

ಉತ್ತರ: ಕರೆಯಬೇಡಿ. ನೀವು ಹೇಳುವವರಿಗೆ ಯೋಚಿಸುವ ಶಕ್ತಿ ಇದೆ, ಬಳಸುವುದಿಲ್ಲ ಅಷ್ಟೆ. ಈ ಪದ ಆ ಶಕ್ತಿಯೇ ಇಲ್ಲದ ವಸ್ತುವಿಗೆ. ನಿಮ್ಮ ಬೇಕಲ ಕೋಟೆಯ ಮುರಕಲ್ಲು ಇನ್‌ಕಾಜಿಟೇಟಿವ್. ಆ ಕೋಟೆ ಕಟ್ಟಿಸಿದವರಲ್ಲಿ ಯಾರನ್ನೂ ಹಾಗೆ ಅನ್ನಲು ಬರುವುದಿಲ್ಲ.

ಮೂಲ ಲ್ಯಾಟಿನ್. ‘ಕೋಗಿಟಾರೆ’ ಅಂದರೆ ಯೋಚಿಸು, ಮುಂದಿನ ‘ಇನ್’ ಅದನ್ನು ಇಲ್ಲ ಅನ್ನುತ್ತದೆ. ಕೋಗಿಟಾರೆಯ ಒಳಗೆ ‘ಅಗಿಟಾರೆ’ ಅಂತ ಇನ್ನೊಂದು ಪದ ಕೂತಿದೆ, ಅಲ್ಲಾಡಿಸು, ಕದಡು ಅಂತ ಅರ್ಥ. ಒಟ್ಟಿಗೆ ಹಾಕಿ ಕದಡುವುದೇ ಯೋಚನೆ. ನಾವೂ ವಿಚಾರ ಮಂಥನ ಅನ್ನುತ್ತೇವೆ ಅಲ್ವಾ! ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟನ ‘ಕೋಗಿಟೋ ಎರ್ಗೋ ಸುಮ್’, ಅಂದರೆ ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ ಎಂಬ ಮಾತಿನಲ್ಲಿರುವುದೂ ಇದೇ ಪದ.

ಮಗಳಿಗೆ ಇದು ಸಿಕ್ಕಿದ್ದು ಬಹುಶಃ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಬಗೆಗಿನ ಪಾಠದಲ್ಲಿ. ಮನುಷ್ಯನ ತಿಳಿವಳಿಕೆಯ ಬಗ್ಗೆ ಅವನು ಬರೆದ ದೊಡ್ಡ ಪ್ರಬಂಧದ ಮುಖಪುಟದಲ್ಲಿ 1690 ಅಂತಿದೆ. ಅದರಲ್ಲಿ ಜಗತ್ತಿನಲ್ಲಿರುವುದನ್ನೆಲ್ಲ ಅವನು ಎರಡು ಪಾಲು ಮಾಡುತ್ತಾನೆ. ಯೋಚಿಸುವಂಥದ್ದು ಕಾಜಿಟೇಟಿವ್, ಯೋಚಿಸದ್ದು ಇನ್‌ಕಾಜಿಟೇಟಿವ್. ಎರಡನೆಯದಕ್ಕೆ ಅವನು ಕೊಟ್ಟ ಉದಾಹರಣೆ ನೋಡಿ: ಕತ್ತರಿಸಿ ಬಿದ್ದ ಗಡ್ಡದ ಕೂದಲು, ಉಗುರಿನ ಚೂರು. ಈಗಷ್ಟೇ ನಮ್ಮ ಮೈಯದ್ದಾಗಿತ್ತು, ಆದರೂ ಅದಕ್ಕೆ ಯೋಚನೆಯೂ ಇಲ್ಲ, ಅರಿವೂ ಇಲ್ಲ. ತನ್ನ ವಾದಕ್ಕೆ ಜಡ, ಜಡವಲ್ಲದ್ದು ಎಂಬ ಹಳೆಯ ಜೋಡಿಗಿಂತ ಈ ಜೋಡಿಯೇ ಬಹುಶಃ ವಾಸಿ ಅಂತಲೂ ಅವನು ಬರೆದಿದ್ದಾನೆ. ವಾದ ಇಷ್ಟು: ಏನೂ ಇಲ್ಲದಲ್ಲಿಂದ ವಸ್ತು ತಾನಾಗಿ ಹುಟ್ಟುವುದು ಹೇಗೆ ಅಸಾಧ್ಯವೋ, ಯೋಚನೆಯೇ ಇಲ್ಲದ ಬರೀ ವಸ್ತುವಿನಿಂದ ಯೋಚಿಸುವ ಜೀವಿ ಹುಟ್ಟುವುದೂ ಹಾಗೇ. ಆದ್ದರಿಂದ ಎಲ್ಲಕ್ಕೂ ಮೊದಲು ಇದ್ದದ್ದು ಯೋಚಿಸುವಂಥದ್ದೇ ಆಗಿರಬೇಕು, ಅಂದರೆ ದೇವರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮಗಳು ನಾಲ್ಕನೇ ಭಾಗದ ಹತ್ತನೇ ಅಧ್ಯಾಯವನ್ನು ಮೂಲದಲ್ಲೇ ಓದಲಿ, ಚಿಕ್ಕದೇ.

ಬಾಯಿಗೆ ಬಂದದ್ದು ಹೇಳುವವರಿಗೆ ಇದೇ ಬೇರಿನಿಂದ ಬಂದ ‘ಇನ್‌ಕಾಜಿಟೆಂಟ್’ ಇದೆ. 17ನೇ ಶತಮಾನದ ಪದ, ಈಗ ಅಪರೂಪ. ಮಾತಿನಲ್ಲಿ ಸುಮ್ನೆ ‘ಥಾಟ್‌ಲೆಸ್’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

ಕನ್ನಡಕ್ಕೆ ತರುವಾಗ ‘ಜಡ’ ಬೇಡ. ಸೋಮಾರಿಯನ್ನೂ ನಾವು ಜಡ ಅನ್ನುತ್ತೇವೆ, ಗೊಂದಲವಾಗುತ್ತದೆ. ‘ಯೋಚನಾಶಕ್ತಿ ಇಲ್ಲದ’ ಅಂತ ಬಿಡಿಸಿ ಬರೆಯಲಿ.